ಎರಡು ಹಲ್ಲು, ನಾಲ್ಕು ಹಲ್ಲು

"ಅಜ್ಜಾರ, ಅನ್ಯಾಯ ಇಬ್ಬರಿಗೂ ಒಂದ ಆದಮ್ಯಾಲೆ, ಪರಿಹಾರ ಒಬ್ಬಗ ಹೆಚ್ಚು ಒಬ್ಬಗ ಕಡಿಮಿ ಕೊಡೋದು ಯಾವ ನ್ಯಾಯರೀ?"

ಹೀಗೆ ಕೇಳಿದವನು ಕರಿಬಸಯ್ಯ, ಮಠದ ಪಾಠಶಾಲೆಯ ಶಿಷ್ಯ. ಅಜ್ಜ ಆ ಪಾಠಶಾಲೆಯಲ್ಲಿ ನಲವತ್ತು ವರ್ಷದಿಂದ ಪಾಠ ಹೇಳುವವರು. ಮಠದ ಆಡಳಿತಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಅವರದೆನ್ನುವ ಆಸ್ತಿ ಒಂದು ಚಾಪೆ, ಒಂದು ತಂಬಿಗೆ, ಮತ್ತು ಬೇಗ ಬರುವ ಸಿಟ್ಟು.

"ಬಿಡಿಸಿ ಹೇಳು," ಎಂದರು ಅಜ್ಜ.

ಕರಿಬಸಯ್ಯ ಬಿಡಿಸಿ ಹೇಳಿದ. ಅವನಿಗೂ ಅವನ ಜತೆಗಾರ ಚರಂತಯ್ಯನಿಗೂ ಮಠದಲ್ಲಿ ಒಂದು ಖೋಲಿ ಇತ್ತು. ಮಠದ ಕಾರಭಾರಿ ಅದನ್ನು ಹತ್ತಿಯ ದಲಾಲನೊಬ್ಬನಿಗೆ ಬಾಡಿಗೆಗೆ ಕೊಟ್ಟುಬಿಟ್ಟ. ಈಗ ಇಬ್ಬರೂ ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ ಮಲಗುತ್ತಾರೆ. ಚರಂತಯ್ಯ ಬೆನ್ನುನೋವೆಂದು ಹೇಳಿದ್ದಕ್ಕೆ ಕಾರಭಾರಿ ಅವನಿಗೊಂದು ಮಂಚ ಹಾಕಿಸಿಕೊಟ್ಟಿದ್ದಾನೆ.

"ಖೋಲಿ ಹೋದ್ರ ಹೋಗಲಿರಿ. ಅವಂಗ್ಯಾಕ ಮಂಚ? ಅಂವ ಮ್ಯಾಲೆ, ನಾ ತೆಳಗ. ನನಗ ನಿದ್ದಿ ಹತ್ತವಲ್ದು."

"ನಿನಗೂ ಒಂದು ಮಂಚ ಬೇಕೇನು?"

"ಬ್ಯಾಡ್ರಿ. ಅವಂದು ತೆಗಸ್ರಿ."

ಬೈಯುತ್ತಾರೆಂದು ಕರಿಬಸಯ್ಯ ತಲೆ ತಗ್ಗಿಸಿದ. ಅಜ್ಜ ಬೈಯಲಿಲ್ಲ. ಕತೆ ಹೇಳಿದರು.

ಒಂದು ಪೇಟೆ ಊರು. ಅಲ್ಲೊಂದು ಖಾನಾವಳಿ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಇಬ್ಬರು ಹೆಂಗಸರು. ವಯಸ್ಸಿನಲ್ಲಿ ಒಬ್ಬಳು ಹಿರಿಯಳು, ಒಬ್ಬಳು ಕಿರಿಯಳು. ಹೆಸರು ಬೇಡ. ಹೆಸರು ಹೇಳಿದರೆ ನೀನು ಮನೆತನ ಕೇಳುತ್ತೀ, ಮನೆತನ ಹೇಳಿದರೆ ಕತೆ ಅಲ್ಲಿಗೇ ನಿಲ್ಲುತ್ತದೆ.

ಇಬ್ಬರೂ ಬೆಳಿಗ್ಗೆ ಬಂದು ಅಕ್ಕಪಕ್ಕದ ಒಲೆಗಳ ಮುಂದೆ ಕೂರುತ್ತಿದ್ದರು. ಹಿಟ್ಟು ಒಂದೇ, ನೀರು ಒಂದೇ, ಕೂಲಿಯೂ ಒಂದೇ. ಆದರೆ ಹಿರಿಯಳ ರೊಟ್ಟಿ ತೆಳ್ಳಗೆ ಬರುತ್ತಿತ್ತು. ಉಣ್ಣಲು ಬಂದವರು ಬುಟ್ಟಿಯಲ್ಲಿ ಕೈಯಾಡಿಸಿ ಅವಳ ರೊಟ್ಟಿಯನ್ನೇ ಹುಡುಕಿ ತೆಗೆದುಕೊಳ್ಳುತ್ತಿದ್ದರು. ಕಿರಿಯಳ ರೊಟ್ಟಿ ಬುಟ್ಟಿಯ ತಳದಲ್ಲಿ ಉಳಿಯುತ್ತಿತ್ತು. ಕೊನೆಗೆ ಬಂದವರು ಬೇರೆ ದಾರಿಯಿಲ್ಲದೆ ಅದನ್ನು ತಿನ್ನುತ್ತಿದ್ದರು.

ಕಿರಿಯಳಿಗೆ ಇದು ಹನ್ನೆರಡು ವರ್ಷದ ಉರಿ. ಅವಳು ಕೆಟ್ಟವಳಲ್ಲ. ಎದುರಿಗೆ ಬಾಯ್ತುಂಬ ಅಕ್ಕಾ ಎನ್ನುವಳು. ಅಕ್ಕನ ಮಗಳಿಗೆ ಜ್ವರ ಬಂದರೆ ತಾನೇ ಓಡಿಹೋಗಿ ಗುಳಿಗೆ ತರುವಳು. ಆದರೆ ಅಕ್ಕನ ರೊಟ್ಟಿ ಹಂಚಿನ ಮೇಲೆ ಚೆಂಡಿನಂತೆ ಉಬ್ಬಿತೆಂದರೆ ಅವಳಿಗೆ ಆ ದಿನ ಅನ್ನ ಸೇರುತ್ತಿರಲಿಲ್ಲ. ಹೊಟ್ಟೆಕಿಚ್ಚಿನವರು ಕೆಟ್ಟವರೇ ಆಗಿರಬೇಕೆಂದಿಲ್ಲ. ನನ್ನೆದುರಿಗೇ ಒಬ್ಬ ಒಳ್ಳೆಯ ಹುಡುಗ ಕುಳಿತಿದ್ದಾನಲ್ಲ.

ಖಾನಾವಳಿಯ ಮಗ್ಗುಲಲ್ಲಿ ಒಬ್ಬ ಕಾಳಿನ ವ್ಯಾಪಾರಿಯ ಗೋದಾಮು ಇತ್ತು. ಗೋದಾಮು ಕಾಯಲು ಅವನೊಂದು ದೊಡ್ಡ ನಾಯಿ ಸಾಕಿದ್ದ. ಬೆಳಗಾದರೆ ಅದರ ಸರಪಳಿ ಬಿಚ್ಚಿ ಬೀದಿಗೆ ಬಿಡುತ್ತಿದ್ದ. ಅದು ಹೋಗಿಬರುವವರ ಮೇಲೆ ಏರಿಬರುತ್ತದೆ ಎಂದು ಓಣಿಯವರು ಎರಡು ಸಲ ಹೇಳಿ ನೋಡಿದ್ದರು. ಅವನು ನಗುನಗುತ್ತ ಕೇಳಿಸಿಕೊಂಡು, ಮರುದಿನ ಮತ್ತೆ ಬಿಟ್ಟಿದ್ದ.

ಒಂದು ದಿನ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಬರುತ್ತಿದ್ದಾಗ ನಾಯಿ ಮೇಲೆ ಬಿತ್ತು. ಮೊದಲು ಕಿರಿಯಳ ಮೀನಖಂಡಕ್ಕೆ ಬಾಯಿ ಹಾಕಿತು. ಹಿರಿಯಳು ಚೀರುತ್ತ ಬಿಡಿಸಲು ಹೋದಳು. ನಾಯಿ ಕಾಲು ಬಿಟ್ಟು ಅವಳ ಬಲಗೈಯನ್ನು ಕಚ್ಚಿ ಜಗ್ಗಿತು. ಯಾರನ್ನು ಬಿಡಿಸಲು ಯಾರು ಹೋದರು ಎಂಬುದನ್ನು ನೀನು ನೆನಪಿಟ್ಟುಕೋ. ಕಿರಿಯಳು ನೆನಪಿಟ್ಟುಕೊಳ್ಳಲಿಲ್ಲ.

ಸರಕಾರಿ ದವಾಖಾನೆಯಲ್ಲಿ ಇಬ್ಬರ ಗಾಯವನ್ನೂ ಸಾಬೂನು ಹಚ್ಚಿ ತೊಳೆದರು. ಇಬ್ಬರಿಗೂ ಸೂಜಿ ಹಾಕಿದರು. ಮುಂದಿನ ಸೂಜಿಗಳ ತಾರೀಖು ಬರೆದು ಚೀಟಿ ಕೊಟ್ಟರು. ಕಿರಿಯಳ ಕಾಲಿನಲ್ಲಿ ನಾಲ್ಕು ಹಲ್ಲಿನ ಗುರುತು ಮೂಡಿದ್ದವು. ಸೀರೆ ಅಡ್ಡ ಇದ್ದುದರಿಂದ ಆಳಕ್ಕೆ ಇಳಿದಿರಲಿಲ್ಲ. ಹಿರಿಯಳ ಕೈಯಲ್ಲಿ ಎರಡೇ ಹಲ್ಲು. ಆದರೆ ಆ ಎರಡು ಹಲ್ಲು ಬೆರಳುಗಳ ನರವನ್ನು ಹರಿದಿದ್ದವು. ವೈದ್ಯರು ಅವಳನ್ನು ಅಲ್ಲಿಯೇ ಮಲಗಿಸಿಕೊಂಡರು. ಇವಳನ್ನು ಮನೆಗೆ ಕಳಿಸಿದರು.

ಕಿರಿಯಳು ಕುಂಟುತ್ತ ಹೊರಗೆ ಬರುವಾಗ ತಿರುಗಿ ನೋಡಿದಳು. ಅಕ್ಕನಿಗೆ ಹಾಸಿಗೆ, ತಲೆಯ ಮೇಲೆ ಫ್ಯಾನು, ಕೈಗೆ ಹಾಲು ಬ್ರೆಡ್ಡು. ತನಗೆ ಬರೀ ಚೀಟಿ. ನಾಯಿ ಕಚ್ಚಿ ಇನ್ನೂ ಎರಡು ತಾಸು ಆಗಿರಲಿಲ್ಲ. ಆಗಲೇ ಅವಳ ಕಾಲಿನ ನೋವು ಕಡಿಮೆಯಾಗಿ ಹೊಟ್ಟೆಯ ನೋವು ಹೆಚ್ಚಾಗಿತ್ತು. ನಗಬೇಡ. ಮಂಚಕ್ಕಿಂತ ಹಾಲು ಬ್ರೆಡ್ಡು ದೊಡ್ಡದು.

ಮೂರನೆಯ ದಿನ ವೈದ್ಯರು ಹಿರಿಯಳಿಗೆ ಹೇಳಿದರು. ಗಾಯ ಒಣಗಿದ ಮೇಲೆ ದೊಡ್ಡ ಊರಿಗೆ ಹೋಗಿ ನರ ಜೋಡಿಸಿಕೊಳ್ಳಬೇಕು. ಎರಡು ಮೂರು ತಿಂಗಳೊಳಗೆ ಆಗಬೇಕು. ತಡವಾದರೆ ಬೆರಳು ಮಡಿಚಿಕೊಂಡೇ ಉಳಿಯುತ್ತವೆ, ಮತ್ತೆ ರೊಟ್ಟಿ ಬಡಿಯುವ ಮಾತಿಲ್ಲ. ಅಲ್ಲಿಗೆ ಹೋಗಿ ಇರಲು, ಇತ್ತ ಮನೆ ನಡೆಯಲು ಹಣ ಬೇಕು. ಹಿರಿಯಳ ಬಳಿ ಇದ್ದದ್ದು ಆ ಕೈ ಒಂದೇ.

ಆ ಊರಿನ ಕೋರ್ಟಿನಲ್ಲಿ ಬಡವರಿಗಾಗಿ ಪುಕ್ಕಟೆ ವಾದಿಸುವ ಒಬ್ಬ ವಕೀಲೆ ಇದ್ದಳು. ದವಾಖಾನೆಯವರೇ ಅವಳಿಗೆ ಸುದ್ದಿ ಮುಟ್ಟಿಸಿದರು. ಅವಳು ಇಬ್ಬರನ್ನೂ ಕೂರಿಸಿಕೊಂಡು, ದವಾಖಾನೆಯ ಚೀಟಿಗಳನ್ನು ನೋಡಿ ಹೇಳಿದಳು.

"ನಾಯಿ ಸಾಕೋದು ಅವನ ಖುಷಿ. ಅದು ಕಡದ್ರ ಹೊಣಿನೂ ಅವಂದ. ನೀವು ಅವನ ಮುಂದ ಸೆರಗೊಡ್ಡಿ ಬೇಡಾಕ ಹೊಂಟಿಲ್ಲ, ನಿಮ್ಮ ಹಕ್ಕು ಕೇಳಾಕ ಹೊಂಟೀರಿ. ತಲಿ ಎತ್ತಿ ಬರ್ರಿ."

ವಕೀಲೆ ವ್ಯಾಪಾರಿಗೆ ನೋಟೀಸು ಕಳಿಸಿದಳು. ನಾಯಿಯ ಬಗ್ಗೆ ಎರಡು ಸಲ ದೂರು ಹೇಳಿದ್ದ ಓಣಿಯವರ ಸಹಿಯನ್ನೂ ಸಂಗ್ರಹಿಸಿದಳು. ವ್ಯಾಪಾರಿ ಹೆದರಿದ. ಕೋರ್ಟಿನ ಅಲೆದಾಟ ಬೇಡ, ಲೋಕ ಅದಾಲತ್ತಿನಲ್ಲಿ ಕುಳಿತು ರಾಜಿಯಾಗೋಣ ಎಂದ. ಒಟ್ಟು ಹಣಕ್ಕೆ ಒಪ್ಪಿಗೆಯೂ ಆಯಿತು. ಅದರಲ್ಲಿ ಮೂರು ಪಾಲು ಹಿರಿಯಳಿಗೆ, ಒಂದು ಪಾಲು ಕಿರಿಯಳಿಗೆ.

ಆ ಒಂದು ಪಾಲೂ ಸಣ್ಣದಲ್ಲ. ಅದರಲ್ಲಿ ಒಂದು ಹೊಲಿಗೆ ಯಂತ್ರ ಕೊಳ್ಳಬಹುದಿತ್ತು. ಒಲೆಯ ಮುಂದಿನಿಂದ ಎದ್ದು ನೆರಳಿನಲ್ಲಿ ಕುಳಿತು ದುಡಿಯಬೇಕೆಂಬುದು ಕಿರಿಯಳ ಬಹಳ ದಿನದ ಆಸೆ. ಯಾರೂ ಕೇಳದಿದ್ದರೂ ಯಂತ್ರದ ಬಣ್ಣ ಯಾವುದಿರಬೇಕೆಂದು ಮನಸ್ಸಿನಲ್ಲೇ ಆರಿಸಿಟ್ಟಿದ್ದಳು. ಆದರೆ ಮೂರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಒಂದು ಎಂಬುದು ಅವಳಿಗೆ ಹಿಡಿಸಲಿಲ್ಲ.

"ಬಾಯಾರ, ನನಗ ನಾಕು ಹಲ್ಲು ಬಿದ್ದಾವ್ರಿ," ಎಂದಳು. "ಅಕಿಗೆ ಎರಡ. ಎರಡಕ್ಕ ಮೂರು ಪಾಲು, ನಾಕಕ್ಕ ಒಂದು ಪಾಲು ಹೆಂಗ್ರಿ?"

"ಕಾಯ್ದೆ ಹಲ್ಲು ಎಣಿಸೂದಿಲ್ಲವ್ವಾ," ಎಂದಳು ವಕೀಲೆ. "ನಾಯಿ ನಿನ್ನಿಂದ ಏನು ಕಸಗೊಂಡು ಹೋತು, ಅದನ್ನ ನೋಡತೈತಿ. ನಿನ್ನವು ಹದಿನೈದು ದಿನದ ಕೆಲಸ ಹೋದವು. ಆಕಿ ಕೈನ ಹೋಗೂದೈತಿ."

ಮಾತು ಸರಿಯಾಗಿತ್ತು. ಕಿರಿಯಳಿಗೆ ಅದು ತಿಳಿಯಿತು ಕೂಡ. ತಿಳಿದದ್ದರಿಂದ ಹೊಟ್ಟೆಕಿಚ್ಚು ಆರಿದ್ದನ್ನು ನಾನು ಈ ಎಪ್ಪತ್ತು ವರ್ಷದಲ್ಲಿ ಕಂಡಿಲ್ಲ. ಅವಳು ಮನೆಗೆ ಹೋಗಿ ಸೀರೆ ಎತ್ತಿ ಕಾಲು ನೋಡಿಕೊಂಡಳು. ಒಂದು, ಎರಡು, ಮೂರು, ನಾಲ್ಕು. ಗಾಯ ಮಾಯುತ್ತ ಬಂದಿತ್ತು. ಅದು ಇಷ್ಟು ಬೇಗ ಮಾಯಬಾರದಿತ್ತು ಎಂದು ಅವಳಿಗೆ ಅನಿಸಿತು.

ಹದಿನೈದು ದಿನ ಕಳೆದು ಅವಳು ಒಲೆಯ ಮುಂದೆ ಬಂದು ಕುಳಿತಳು. ಪಕ್ಕದ ಒಲೆ ಖಾಲಿ ಇತ್ತು. ಒಂದು ಮಧ್ಯಾಹ್ನ ವ್ಯಾಪಾರಿ ಊಟಕ್ಕೆಂದು ಬಂದವನು ನೇರವಾಗಿ ಒಳಗೆ ಬಂದ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಹನ್ನೆರಡು ವರ್ಷದಲ್ಲಿ ಅವನು ಅವಳೊಂದಿಗೆ ಒಂದು ಮಾತೂ ಆಡಿದವನಲ್ಲ.

"ಕಾಲು ಹೆಂಗೈತಿ ತಂಗೀ?" ಎಂದ. "ನಾಕು ಹಲ್ಲಂತಲ್ಲ. ಪಾಪ, ಖರೇ ಪೆಟ್ಟು ಬಿದ್ದದ್ದು ನಿನಗ. ಜನಾ ಎಲ್ಲಾ ಅಕಿ ಕೈ, ಅಕಿ ಕೈ ಅಂತಾರ. ನಿನ್ನ ಕಾಲಿನ ಮಾತು ಯಾರೂ ತಗಿಯೂದಿಲ್ಲ."

ಕಿರಿಯಳ ಕಣ್ಣಲ್ಲಿ ನೀರು ಬಂತು. ಅವಳ ಗಾಯದ ಮಾತನ್ನು ಮೊದಲ ಸಲ ಒಬ್ಬರು ಆಡಿದ್ದರು.

"ನನ್ನ ನಾಯಿ ಸುಮ್ಮಸುಮ್ಮನ ಯಾರನ್ನೂ ಕಡಿಯೂದಿಲ್ಲ," ಎಂದ ವ್ಯಾಪಾರಿ. "ಅಕಿ ಏನರ ಮಾಡಿರಬೇಕು. ನೀ ಬಾಜೂಕ ಇದ್ದಿ, ನೋಡಿರತೀದಿ. ಇದ್ದದ್ದು ಹೇಳು. ನಿನ್ನ ಪಾಲಿಗೆ ನಾ ಕೈ ಹಚ್ಚೂದಿಲ್ಲ."

ಹಂಚಿನ ಮೇಲೆ ರೊಟ್ಟಿ ಇತ್ತು. ಅದು ಸೀದುಹೋಗುವವರೆಗೂ ಅವಳು ಅದನ್ನು ತಿರುವಿ ಹಾಕಲಿಲ್ಲ. ಆಮೇಲೆ ಹೇಳಿದಳು.

"ರೊಟ್ಟಿ ತೋರಿಸಿ ಹಿಂದಕ್ಕ ಜಗ್ಗಿಕೊಂಡ್ಳ್ರಿ. ಕಾಡಿಸಿದ್ಳು."

ಹಾಗೆ ನಡೆದೇ ಇರಲಿಲ್ಲ. ಅಕ್ಕನ ಪಾಲು ಇಳಿಯಲಿ, ನನ್ನದು ಇದ್ದಷ್ಟು ಇರಲಿ ಎಂಬುದಷ್ಟೇ ಅವಳ ಎಣಿಕೆ. ಅಕ್ಕನ ಕೈ ಹೋಗಲಿ ಎಂದು ಅವಳು ಬಯಸಲಿಲ್ಲ. ಅಕ್ಕನ ಕೈಯ ವಿಚಾರ ಆ ಹೊತ್ತಿನಲ್ಲಿ ಅವಳ ತಲೆಗೆ ಬರಲೇ ಇಲ್ಲ. ಮೂರು ಪಾಲಿನ ವಿಚಾರ ಮಾತ್ರ ಬಂತು.

ಅದಾಲತ್ತಿನ ದಿನ ಎಲ್ಲರೂ ಕೂಡಿದರು. ಸಹಿ ಹಾಕುವುದೊಂದೇ ಬಾಕಿ ಎಂದು ವಕೀಲೆ ಪೆನ್ನು ತೆಗೆದಿಟ್ಟಿದ್ದಳು. ಆಗ ವ್ಯಾಪಾರಿಯ ಕಡೆಯ ವಕೀಲ ಎದ್ದು, ಈ ತಂಗಿಯ ಒಂದು ಮಾತು ಕೇಳಬೇಕು ಎಂದ. ಕಿರಿಯಳು ಎದ್ದು ನಿಂತು, ಕಲಿತ ಪಾಠದಂತೆ ಹೇಳಿದಳು. ನ್ಯಾಯಾಧೀಶರು ಅದನ್ನು ಬರೆಸಿಕೊಂಡರು. ಹಿರಿಯಳು ಕಟ್ಟಿದ ಕೈಯನ್ನು ಎದೆಗೆ ಅವಚಿಕೊಂಡು ಅವಳನ್ನೇ ನೋಡಿದಳು.

"ನಾ ಯಾವಾಗ ಹಂಗ ಮಾಡಿದೆ, ತಂಗೀ?" ಎಂದಳು.

ವ್ಯಾಪಾರಿಯ ವಕೀಲ ಮಾತು ಮುಂದುವರಿಸಿದ. ನಾಯಿಯನ್ನು ಕೆರಳಿಸಿದ್ದು ಒಬ್ಬಳು, ಕೆರಳಿದ ನಾಯಿ ಕಚ್ಚಿದ್ದು ಇಬ್ಬರನ್ನು. ಹಾಗಾದರೆ ಇಬ್ಬರ ಗಾಯಕ್ಕೂ ಕೆರಳಿಸಿದವಳೇ ಹೊಣೆ. ನಮ್ಮ ಯಜಮಾನರು ರಾಜಿಗೆ ಒಪ್ಪುವುದಿಲ್ಲ. ಈ ತಂಗಿಗೆ ಪರಿಹಾರ ಬೇಕಾದರೆ ಆ ಅಕ್ಕನನ್ನೇ ಕೇಳಲಿ.

"ನಂದೂ ಇಲ್ಲೇನ್ರಿ?" ಎಂದಳು ಕಿರಿಯಳು.

ವ್ಯಾಪಾರಿ ನ್ಯಾಯಾಧೀಶರಿಗೆ ಕೈ ಮುಗಿದು, ಗಿರಾಕಿಗಳು ಕಾಯುತ್ತಿದ್ದಾರೆ ಎಂದು ಹೇಳಿ ಹೊರಟುಹೋದ. ರಾಜಿ ಮುರಿಯಿತು. ಇನ್ನು ಕೋರ್ಟಿನಲ್ಲಿ ದಾವೆ ಹೂಡಬೇಕು. ಅದು ವರ್ಷಗಳ ಮಾತು. ವೈದ್ಯರು ಕೊಟ್ಟದ್ದು ತಿಂಗಳುಗಳ ಗಡುವು.

ಹೊರಗೆ ಬೇವಿನ ಮರದ ಕೆಳಗೆ ವಕೀಲೆ ಕಿರಿಯಳನ್ನು ತಡೆದು ನಿಲ್ಲಿಸಿದಳು. ಅವಳಿಗೆ ಸಿಟ್ಟು ಬಂದಿತ್ತು. ಆದರೂ ಅವಳು ತನ್ನ ಕೆಲಸ ಬಲ್ಲವಳು. ಒಂದು ಹಾಳೆ ತೆಗೆದಳು.

"ಹೇಳಿದ್ದು ಸುಳ್ಳು ಅಂತ ಬರಕೊಡು. ಈ ತಿಂಗಳದಾಗ ಮತ್ತ ಕೂಡಸತೀನಿ. ಓಣ್ಯಾಗಿನವರ ಸಹಿ ನನ್ನ ಕೈಯಾಗ ಅದಾವ. ಅಂವ ಕೊಡಲೇಬೇಕಾಗತೈತಿ. ನಿನ್ನ ಪಾಲು ನಿನಗ ಬರತೈತಿ."

"ಮದಲಿನಂಗ?"

"ಮದಲಿನಂಗ."

"ಅಕ್ಕಂದೂ?"

"ಅಕ್ಕಂದೂ."

"ಮೂರು ಪಾಲು?"

"ಮೂರು ಪಾಲು."

ಕಿರಿಯಳು ಪೆನ್ನು ಹಿಡಿದಳು. ಹಾಳೆಯ ಮೇಲೆ ಊರಿದಳು ಕೂಡ. ಅವಳಿಗೆ ಸಹಿ ಬರುತ್ತಿತ್ತು. ಹೊಲಿಗೆ ಯಂತ್ರ ಕಣ್ಣೆದುರಿಗೆ ಬಂತು. ಆದರೆ ಅದರ ಹಿಂದೆಯೇ, ದೊಡ್ಡ ಊರಿನಿಂದ ಕೈ ನೆಟ್ಟಗೆ ಮಾಡಿಕೊಂಡು ಬಂದ ಅಕ್ಕ, ಒಲೆಯ ಮುಂದೆ ಕುಳಿತು ತೆಳ್ಳನೆಯ ರೊಟ್ಟಿ ಬಡಿಯುತ್ತಿರುವುದೂ, ಮಂದಿ ಬುಟ್ಟಿಯಲ್ಲಿ ಕೈಯಾಡಿಸುವುದೂ ಕಂಡಿತು.

"ಮನ್ಯಾಗ ಕೇಳಿ ಬರತೀನ್ರಿ," ಎಂದು ಪೆನ್ನು ಕೆಳಗಿಟ್ಟಳು.

ಮನೆಯಲ್ಲಿ ಕೇಳಬೇಕಾದವರು ಯಾರೂ ಇರಲಿಲ್ಲ. ಅವಳು ಒಬ್ಬಳೇ ಇದ್ದಳು. ಗಂಡ ಸತ್ತರೂ ಚಿಂತೆಯಿಲ್ಲ ಸವತಿ ಮುಂಡೆಯಾಗಬೇಕು ಎಂಬ ಗಾದೆಯನ್ನು ನೀನು ನಕ್ಕು ಹೇಳುತ್ತೀ, ನಾನೂ ನಕ್ಕು ಹೇಳಿದ್ದೇನೆ. ಅವಳು ಅದನ್ನು ಬಾಳಿದಳು. ನಾಳೆ ಹೋಗುತ್ತೇನೆ ಎಂದುಕೊಂಡಳು. ನಾಳೆ ಸಂತೆ ಎಂದಳು. ಸಂತೆಯ ಮರುದಿನ ಅಮಾವಾಸ್ಯೆ ಎಂದಳು. ವಕೀಲೆ ಎರಡು ಸಲ ಖಾನಾವಳಿಗೆ ಬಂದು ಹೋದಳು. ಎರಡು ಸಲವೂ ಕಿರಿಯಳು ಹಿತ್ತಲಿನಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು.

ಹಿರಿಯಳೂ ಒಮ್ಮೆ ಅವಳ ಮನೆಗೆ ಬಂದಳು. ಬೈಯಲಿಲ್ಲ. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದಳು. ಬಿಟ್ಟರೆ ಅವು ಮತ್ತೆ ಮಡಿಚಿಕೊಳ್ಳುತ್ತಿದ್ದವು. ಕಿರಿಯಳು ಅವಳಿಗೆ ಚಹಾ ಮಾಡಿಕೊಟ್ಟಳು. ನಾಳೆ ಬೆಳಿಗ್ಗೆ ಖಂಡಿತ ಹೋಗುತ್ತೇನೆ ಎಂದಳು. ಆ ಕ್ಷಣಕ್ಕೆ ಅದು ನಿಜವೂ ಆಗಿತ್ತು.

ಹೋಗಲಿಲ್ಲ. ಗಡುವು ಮುಗಿಯಿತು. ಬೆರಳುಗಳು ಮಡಿಚಿಕೊಂಡೇ ಗಟ್ಟಿಯಾದವು. ದಾವೆ ಕೋರ್ಟಿನಲ್ಲಿ ಇದೆ. ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ.

ಖಾನಾವಳಿಯ ಒಡತಿ ಒಳ್ಳೆಯ ಹೆಂಗಸು. ಹಿರಿಯಳನ್ನು ಬಿಡಿಸಲಿಲ್ಲ. ಊಟದ ಚೀಟಿ ಹರಿದು ಕೊಡುವ ಕೆಲಸ ಕೊಟ್ಟು ಬಾಗಿಲ ಬಳಿ ಕೂರಿಸಿದಳು. ಅದಕ್ಕೆ ಎಡಗೈ ಸಾಕು. ಈಗ ಎರಡೂ ಒಲೆಗಳು ಕಿರಿಯಳವೇ. ಬುಟ್ಟಿಯಲ್ಲಿ ಅವಳದೇ ರೊಟ್ಟಿ, ಮೇಲೂ ಅವಳದೇ, ತಳದಲ್ಲೂ ಅವಳದೇ. ಯಾರೂ ಕೈಯಾಡಿಸಿ ಹುಡುಕುವುದಿಲ್ಲ. ಹನ್ನೆರಡು ವರ್ಷ ಅವಳು ಬಯಸಿದ್ದು ಇದನ್ನೇ.

ಆದರೆ ಬಂದವರೆಲ್ಲ ಬಾಗಿಲಲ್ಲಿ ನಿಂತು, ಕೈ ಹೇಗಿದೆ ಅಕ್ಕಾ ಎಂದು ಕೇಳಿ ಒಳಗೆ ಬರುತ್ತಾರೆ. ಒಬ್ಬಿಬ್ಬರು ಅವಳ ಮಗಳಿಗೆಂದು ಹಣ್ಣು ಕೊಡುತ್ತಾರೆ. ಒಲೆಯ ಮುಂದೆ ಬೆವರುತ್ತ ಕುಳಿತ ಕಿರಿಯಳಿಗೆ ಅದೆಲ್ಲ ಕೇಳಿಸುತ್ತದೆ. ಒಂದು ದಿನ ಅವಳು ತಡೆಯಲಾರದೆ ಒಡತಿಯ ಬಳಿ ಹೇಳಿಯೇಬಿಟ್ಟಳು.

"ಅಕ್ಕನ ನಸೀಬ ನೋಡ್ರಿ, ನೆರಳಿಗೆ ಕುಂತ್ಳು. ಆ ನಾಯಿ ನನ್ನ ಕೈಯರ ಕಡೀಬಾರದಿತ್ತೇನು?"

ಇಷ್ಟು ಹೇಳಿ ಅಜ್ಜ ನಿಲ್ಲಿಸಿದರು. ತಂಬಿಗೆ ಎತ್ತಿ ನೀರು ಕುಡಿದರು.

ಕರಿಬಸಯ್ಯನ ಮುಖ ಕೆಂಪಾಗಿತ್ತು. ಅವನು ತಡೆದುಕೊಳ್ಳಲಾಗದೆ ಎದ್ದು ನಿಂತ.

"ಥೂ! ಎಂಥಾ ಹೆಣ್ಮಗಳ್ರಿ ಆ ಕಿರಿಯಾಕಿ! ತನ್ನನ್ನ ಬಿಡಸಾಕ ಬಂದಾಕಿ ಕೈನ ತಗದ್ಳಲ್ರಿ. ಅಕಿಗೆ ನರಕನೂ ಸಾಲೂದಿಲ್ಲ. ಆ ಹಿರಿಯಾಕಿನೂ ಹಂಗ. ಬಾಯಿ ಇದ್ದಿಲ್ಲೇನು ಅಕಿಗೆ? ಕೋರ್ಟಿನಾಗ ನಾಕು ಮಂದಿ ಮುಂದ ಅಕಿ ಜುಟ್ಟಾ ಹಿಡೀಬೇಕಾಗಿತ್ತು. ಹೋಗಿ ಚಹಾ ಕುಡದ ಬಂದಳಂತ! ಇಬ್ಬರೂ ಇಬ್ಬರರೀ, ಇಬ್ಬರದೂ ತಪ್ಪೈತಿ."

ಅವನು ಬೈದು ಮುಗಿಸುವವರೆಗೆ ಅಜ್ಜ ಕಾದರು.

"ಇಬ್ಬರು ಹೆಣ್ಮಕ್ಕಳನ್ನೂ ಬಾಯಿಗೆ ಬಂದಂಗ ಬೈದಿ, ನಾಯಿ ಸಾಕಿದಾವನ ಮಾತು ಒಮ್ಮೆರ ನಿನ್ನ ಬಾಯಾಗ ಬರಲಿಲ್ಲಲ್ಲೋ, ಕರಿಬಸಯ್ಯಾ?"

ಕರಿಬಸಯ್ಯ ತಿರುಗಿ, ಕಾರಭಾರಿ ಬಾಡಿಗೆಗೆ ಕೊಟ್ಟಿದ್ದ ತನ್ನ ಖೋಲಿಯ ಬಾಗಿಲ ಕಡೆ ನೋಡಿದ.